ಪ್ಲೇಟಿನ ದನಿ, ಡಬ್ಬಿಯ ದನಿ

ರಾತ್ರಿ ಪಾಳಿ ಮುಗಿಸಿ ಬಂದ ಸೊಸೆ ಎರಡು ತುಂಡು ಬ್ರೆಡ್ಡು ತಿಂದು, ಬೆಳಕು ಬಾರದ ಹಾಗೆ ಕಿಟಕಿಗೆ ಹಳೆಯ ಹೊದಿಕೆ ಕಟ್ಟಿ ಮಲಗಿದ್ದಳು. ಇನ್ನೇನು ನಿದ್ದೆ ಹತ್ತಿತು ಅನ್ನುವಾಗ ಗೋಡೆಯಾಚೆ ಹಾಲ್‌ನಲ್ಲಿ ಪಿಟೀಲು ಶುರುವಾಯಿತು. ಮೆಲ್ಲಗಲ್ಲ, ಮಂಚದ ಕಾಲು ನಡುಗುವ ಹಾಗೆ.

ಎದ್ದು ಬಾಗಿಲಿಗೆ ಬಂದಳು.

"ಮಾವ."

ತಾತ ತಿರುಗಲಿಲ್ಲ. ರೆಕಾರ್ಡ್ ಪ್ಲೇಯರಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅಡುಗೆಮನೆಯಿಂದ ಅಜ್ಜಿ ಒದ್ದೆ ಕೈಯಲ್ಲೇ ಓಡಿ ಬಂದು ಅವನ ಭುಜ ತಟ್ಟಿ, ಕಿವಿಯ ಹತ್ತಿರ ಕೂಗಿದಳು.

"ರೀ! ಸ್ವಲ್ಪ ಸಣ್ಣಗೆ ಮಾಡಿ! ಅವಳು ಮಲಗಿದ್ದಾಳೆ!"

"ಸಣ್ಣಗೇ ಇದೆಯಲ್ಲ!"

"ಇನ್ನೂ ಸಣ್ಣಗೆ!"

ತಾತ ಒಂದು ಕೂದಲೆಳೆಯಷ್ಟು ತಿರುಪಿದ. ಅಜ್ಜಿ ಸೊಸೆಯ ಕಡೆ ನೋಡಿ, ಹೋಗು, ಮಲಕ್ಕೋ ಅನ್ನುವ ಹಾಗೆ ಕೈಸನ್ನೆ ಮಾಡಿದಳು. ಸೊಸೆ ಹೋಗಿ ಮಲಗಿದಳು. ನಿದ್ದೆ ಬರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯಿಡೀ ಮಿಷನ್ನುಗಳ ಕುಂಯ್‌ಗುಟ್ಟುವಿಕೆ, ಮನೆಗೆ ಬಂದರೆ ಇದು.

ತಾತ ದುಡಿಯುವ ವಯಸ್ಸೆಲ್ಲ ಬಟ್ಟೆ ಗಿರಣಿಯಲ್ಲಿ ಕಳೆದವನು. ಮಗ್ಗದ ಶೆಡ್ಡಿನ ಮೇಸ್ತ್ರಿ. ಗಿರಣಿ ಮುಚ್ಚಿ ಸಾಮಾನು ಹರಾಜಿಗೆ ಬಂದಾಗ ಉಳಿದವರು ಮೇಜು ಕುರ್ಚಿ ತಂದರೆ ಇವನು ಸಾಹೇಬರ ಕ್ಲಬ್ಬಿನ ರೆಕಾರ್ಡ್ ಪ್ಲೇಯರು, ಎರಡು ಸ್ಪೀಕರು, ಗೋಣಿಚೀಲಗಳ ತುಂಬ ಹಾಡಿನ ಪ್ಲೇಟು ತಂದ. ಆಮೇಲೂ ಗುಜರಿ ಅಂಗಡಿಗಳಿಂದ ಆಯ್ದು ತಂದು ಎರಡು ಬೀರು ತುಂಬಿಸಿದ್ದ. ಆ ಬೀರುಗಳಿಂದಾಗಿ ಮೂರನೇ ಮಹಡಿಯ ಆ ಮನೆಯ ಹಾಲ್‌ನಲ್ಲಿ ಊಟದ ಮೇಜು ಗೋಡೆಗೆ ಅಂಟಿಕೊಂಡು, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕಾಗಿತ್ತು.

ಅವನಿಗೆ ಸರಿಜೋಡಿಯಾಗಿ ವಾದಕ್ಕೆ ನಿಲ್ಲುವವಳು ಮೊಮ್ಮಗಳು ಗುಬ್ಬಿ. ಜಾಹೀರಾತು, ಬಸ್ ನಿಲ್ದಾಣದ ಘೋಷಣೆ ಇಂಥವಕ್ಕೆ ಧ್ವನಿ ಸಿದ್ಧಪಡಿಸುವ ಸಣ್ಣ ಸ್ಟುಡಿಯೋ ಒಂದರಲ್ಲಿ ಅವಳಿಗೆ ಕೆಲಸ. ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಕೆಮ್ಮು, ಉಸಿರು, ಫ್ಯಾನಿನ ಸದ್ದು ಅಳಿಸುವುದು.

"ಹಾಡಿದವನ ಉಸಿರೇ ಅಲ್ಲಿ ಗೆರೆ ಕೊರೆದಿದೆ," ಅನ್ನುತ್ತಿದ್ದ ತಾತ, ಊಟಕ್ಕೆ ಕೂತಾಗ. "ಸೂಜಿ ಆ ಗೆರೆ ಬಿಟ್ಟು ಆಚೀಚೆ ಹೋಗಲ್ಲ. ನಿಮ್ದೇನು? ಹಾಡನ್ನ ಸೊಪ್ಪು ಕೊಚ್ಚಿದ ಹಾಗೆ ಕೊಚ್ಚಿ, ಒಂದೊಂದು ಚೂರಿಗೂ ಅಂಕಿ ಹಾಕಿ ಡಬ್ಬಿಗೆ ತುಂಬೋದು. ಅಂಕಿಗೆ ಜೀವ ಇರುತ್ತಾ?"

"ಕೊಚ್ಚಿದ್ದು ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಜೋಡಿಸ್ತೀವಿ, ತಾತ!" ಗುಬ್ಬಿ ಕೂಗುತ್ತಿದ್ದಳು. ತಾತನ ಜೊತೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಗಿರಣಿಯವರ ಮನೆಯ ಅಭ್ಯಾಸ ಅಂದುಕೊಂಡಿದ್ದರು. "ನಿನ್ನ ಪ್ಲೇಟಲ್ಲಿ ಅರ್ಧ ಹಾಡು, ಅರ್ಧ ಚರಚರ! ಚಿಕ್ಕೋಳಿದ್ದಾಗ ಅದನ್ನ ಕೇಳಿ, ಅಡುಗೆಮನೇಲಿ ಅಜ್ಜಿ ಕರೀತಿದ್ದಾಳೆ ಅಂತ ತಿಂಡಿ ಆಸೆಗೆ ಓಡ್ತಿದ್ದೆ!"

"ಅಜ್ಜಿ ಕರೀತಿದ್ರೆ ಓಡ್ಲೇಬೇಕು ಮತ್ತೆ."

"ಎಣ್ಣೇಲಿ ಕರಿಯೋದು ತಾತ, ಕೂಗಿ ಕರಿಯೋದಲ್ಲ!"

"ಎರಡೂ ಒಂದೇ," ಅಂದಳು ಅಜ್ಜಿ ಬೇಳೆ ಬಡಿಸುತ್ತ. "ಎಣ್ಣೇಲಿ ಕರಿದ್ರೆ ಎಲ್ರೂ ಬರ್ತೀರಿ. ಕೂಗಿ ಕರೆದ್ರೆ ಯಾರು ಬರ್ತೀರಿ?"

ಲಿಫ್ಟ್ ರಿಪೇರಿಯವನಾದ ಮಗ ಉಗುರಿನೊಳಗಿನ ಗ್ರೀಸು ನೋಡಿಕೊಳ್ಳುತ್ತ ಹೇಳಿದ, "ಇಬ್ರೂ ಸುಮ್ನೆ ಉಣ್ಣಿ. ಬೆಳಗ್ಗಿಂದ ಮೋಟಾರ್ ಸದ್ದು ಕೇಳಿ ತಲೆ ಕೆಟ್ಟಿದೆ."

ಒಂದು ಭಾನುವಾರ ಪಂದ್ಯ ಕಟ್ಟಿದರು. ಗುಬ್ಬಿ ತಾತನ ಕೆಲವು ಪ್ಲೇಟುಗಳನ್ನು ಸ್ಟುಡಿಯೋಗೆ ಒಯ್ದು ಕಂಪ್ಯೂಟರಿಗೆ ಇಳಿಸಿ ತಂದಿದ್ದಳು. ಪ್ಲೇಯರಿಗೂ ಕುರ್ಚಿಗೂ ಮಧ್ಯೆ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಟ್ಟರು. ಬರುವುದು ಪ್ಲೇಟಿನಿಂದಲೋ ಡಬ್ಬಿಯಿಂದಲೋ ತಾತ ಹೇಳಬೇಕು. ತಪ್ಪಿದರೆ ತಿಂಗಳಿಡೀ ಪಾತ್ರೆ ತೊಳೆಯಬೇಕು.

"ಹುಟ್ಟಿದಾಗಿಂದ ಒಂದು ಲೋಟ ತೊಳೆದಿಲ್ಲ ಅವರು," ಅಂದಳು ಅಜ್ಜಿ. "ದೇವ್ರೇ, ಸೋಲ್ಲಿ."

ಸೊಸೆಗೆ ಅಂದು ರಜೆ. ಆಲೂಗಡ್ಡೆ ಹೆಚ್ಚುತ್ತ ನೆಲದ ಮೇಲೆ ಕೂತಿದ್ದಳು. ತಾತ ಮೊದಲನೆಯದನ್ನು ಸರಿಯಾಗಿ ಹೇಳಿದ. ಎರಡನೆಯದನ್ನೂ ಸರಿಯಾಗಿ ಹೇಳಿ, ತೊಡೆ ತಟ್ಟಿ, "ಡಬ್ಬಿ ಯಾವತ್ತಿದ್ರೂ ಡಬ್ಬೀನೇ!" ಅಂದ. ಗುಬ್ಬಿಗೆ ರೇಗಿತು. ಜೋರು ಮದ್ದಳೆ, ಜೋರು ಪಿಟೀಲು ಬೇಡ, ಸೂಕ್ಷ್ಮವಾದದ್ದು ಹಾಕುತ್ತೇನೆ ಅಂದುಕೊಂಡು ಒಂಟಿ ಕೊಳಲಿನ ಒಂದು ಪ್ಲೇಟು ಹಾಕಿದಳು.

ಕೊಳಲು ಎಳೆಯಾಗಿ, ಮೇಲಿನ ಸ್ವರದಲ್ಲಿ ಶುರುವಾಯಿತು. ತಾತ ಮುಖ ಓರೆ ಮಾಡಿ ಕೂತಿದ್ದ.

"ಹಾಕಮ್ಮ," ಅಂದ.

ಕೊಳಲು ನಡೆದೇ ಇತ್ತು.

"ಏನು ತಡ? ಹಾಕು ಅಂದ್ನಲ್ಲ!"

ಗುಬ್ಬಿ ಬೆಡ್‌ಶೀಟಿನ ಅಂಚಿನಿಂದ ಇಣುಕಿದಳು. ಅಷ್ಟರಲ್ಲಿ ಕುರ್ಚಿಯ ಹಿಂದೆ ನಿಂತಿದ್ದ ಅಜ್ಜಿ ಎರಡು ಬೆರಳಿನಿಂದ ತಾತನ ಭುಜ ತಟ್ಟಿದ್ದನ್ನು ಕಂಡಳು. ತಟ್ಟಿದ್ದೇ ತಡ, ತಾತನ ತಲೆ ತಾಳ ಹಿಡಿದ ಹಾಗೆ ತೂಗತೊಡಗಿತು. ಆ ಕೊಳಲಿಗೆ ಇನ್ನೂ ತಾಳವೇ ಬಂದಿರಲಿಲ್ಲ.

"ಆಹಾ. ಇದು ಪ್ಲೇಟು. ಕಣ್ಣು ಮುಚ್ಚಿ ಹೇಳ್ತೀನಿ."

ಗುಬ್ಬಿ ಸೂಜಿ ಎತ್ತಿದಳು. ಕೊಳಲು ನಿಂತಿತು. ತಾತನ ತಲೆ ಇನ್ನೂ ತೂಗುತ್ತಲೇ ಇತ್ತು. ಸೊಸೆ ಚಾಕು ಕೆಳಗಿಟ್ಟಳು.

"ನೀನೇ ಗೆದ್ದೆ ತಾತ!" ಎಂದು ಗುಬ್ಬಿ ಕೂಗಿ ಹೇಳಿ, ಬೆಡ್‌ಶೀಟು ಬಿಚ್ಚಿ ಮಡಚಿದಳು.

ಆಮೇಲೆ ಅಡುಗೆಮನೆಯಲ್ಲಿ ಮೂವರು ಹೆಂಗಸರೂ ನಿಂತರು.

"ಯಾವಾಗಿಂದ ಅಜ್ಜಿ?"

"ಗಿರಣೀಲಿ ಇರುವಾಗಲೇ ಶುರುವಾಗಿತ್ತು. ಆ ಮಗ್ಗದ ಸದ್ದಲ್ಲಿ ಯಾರ ಕಿವಿ ಉಳೀತು ಹೇಳು."

"ಒಂದು ಮಾತು ನನಗೆ ಹೇಳ್ಬಾರ್ದಾ ಅತ್ತೆ?" ಅಂದಳು ಸೊಸೆ. "ನಾನು ಕೆಲಸ ಮಾಡೋದು ಆಸ್ಪತ್ರೇಲಿ. ನನಗೇ ಗೊತ್ತಾಗ್ಲಿಲ್ವಲ್ಲ."

"ಗೊತ್ತಾಗೋಕೆ ನಾನು ಬಿಟ್ಟಿದ್ರೆ ತಾನೆ?" ಅಜ್ಜಿಯ ದನಿ ಎಂದಿನಂತೆ ಗೊರಗೊರ ಅನ್ನುತ್ತಿತ್ತು. "ಬಾಗಿಲು ತಟ್ಟಿದ್ರೆ ನಾನು ಹೋಗಿ ಹೇಳ್ತೀನಿ. ಫೋನ್ ಬಂದ್ರೆ ನಾನೇ ಮಾತಾಡ್ತೀನಿ. ನೀವು ಕೇಳಿದ್ದನ್ನ ನಾನು ಇನ್ನೊಂದ್ಸಲ ಕಿವೀಲಿ ಕೂಗ್ತೀನಿ. ಅವರಿಗೆ ಆ ಪ್ಲೇಟು ಬಿಟ್ರೆ ಏನಿದೆ? ಕಿವಿ ಹೋಗಿದೆ ಅಂತ ಒಪ್ಕೊಂಡ್ರೆ ಅದೂ ಹೋದ ಹಾಗೆ. ಹೇಗೋ ನಡೀತಿತ್ತು. ನಡೆಸ್ತಿದ್ದೆ."

ವಿಷಯ ತಿಳಿದ ಮಗ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಿವಿ ಪರೀಕ್ಷೆಗೆ ಹೋದ. ಎರಡೂ ಕಿವಿ ಬಹಳಮಟ್ಟಿಗೆ ಹೋಗಿತ್ತು. ಮಗ ತನ್ನ ಓವರ್‌ಟೈಮಿನ ದುಡ್ಡಲ್ಲಿ ಕಿವಿಯ ಮಿಷನ್ನು ಕೊಡಿಸಿದ.

ಹಾಕಿಕೊಂಡ ಮೊದಲ ದಿನ ತಾತ ಮನೆಯೆಲ್ಲ ಓಡಾಡಿದ. "ಈ ನಲ್ಲಿ ಇಷ್ಟು ಸದ್ದು ಮಾಡುತ್ತಾ? ನಿನ್ನ ಚಪ್ಪಲಿ ಯಾಕೆ ಹಾಗೆ ಅಳುತ್ತೆ?" ಎಂದು ಎಲ್ಲರನ್ನೂ ಕೇಳಿದ. ಗುಬ್ಬಿ ನಕ್ಕಳು. ಅಜ್ಜಿಗೆ ಆ ವಾರ ನೆಗಡಿ. ಮೂಗು ಕಟ್ಟಿದೆ, ಗಂಟಲು ಕಟ್ಟಿದೆ ಎಂದು ಮಾತು ಕಡಿಮೆ ಮಾಡಿದ್ದಳು. ತಾತ ಕೊನೆಗೆ ಕುರ್ಚಿಗೆ ಹೋಗಿ ಕೂತ. ತನಗೆ ಬಹಳ ಬೇಕಾದ ಪಿಟೀಲಿನ ಪ್ಲೇಟು ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸೂಜಿ ಇಳಿಸಿದ.

ಸ್ವಲ್ಪ ಹೊತ್ತು ಕೇಳಿದ. ಮುಖ ಹುಳ್ಳಗಾಯಿತು.

"ಇದೇನಿದು? ತಗಡು ಕೆರೆದ ಹಾಗಿದೆ."

"ಅದು ಮಾತು ಕೇಳೋಕೆ ಮಾಡಿರೋ ಮಿಷನ್ನು ತಾತ," ಅಂದಳು ಗುಬ್ಬಿ. ಮೊದಲ ಸಲ ಕೂಗದೆ ಹೇಳಿದಳು. "ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಇರುತ್ತೆ. ಹೋಗಿ ಮಾಡಿಸೋಣ."

ಎರಡು ಸಲ ಹೋಗಿ ಮಾಡಿಸಿಕೊಂಡು ಬಂದರು. "ತಗಡಿಗೆ ಬಣ್ಣ ಬಳಿದಿದ್ದಾರೆ ಅಷ್ಟೆ," ಅಂದ ತಾತ. ಆಮೇಲೆ ಅನುಮಾನ ಬಂದವನಂತೆ ಕೇಳಿದ. "ಗುಬ್ಬಿ, ಇದೂ ನಿನ್ನ ಡಬ್ಬಿಯ ಜಾತಿಯೇನಾ? ಕೊಚ್ಚಿ ಅಂಕಿ ಮಾಡೋದು?"

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು ತಾತ."

ತಾತ ಎರಡೂ ಕಿವಿಯಿಂದ ತೆಗೆದು ಅದರ ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟ. ಪ್ಲೇಯರಿನ ತಿರುಪು ಪೂರ್ತಿ ತಿರುಗಿಸಿದ.

ಅಂದು ಸಂಜೆ ಅಪ್ಪ ಮಗನಿಗೆ ಜಗಳವಾಯಿತು.

"ಎರಡು ತಿಂಗಳು ಭಾನುವಾರ ಬಿಡದೆ ದುಡಿದಿದ್ದೀನಿ ಅಪ್ಪಾ ಅದಕ್ಕೆ! ಬೀರು ಮೇಲೆ ಧೂಳು ತಿನ್ಲಿ ಅಂತ ಅಲ್ಲ!"

"ನಾನು ಕೇಳಿದ್ನಾ?"

"ಏನೂ ಕೇಳ್ಸಲ್ವಲ್ಲ ನಿನಗೆ!"

"ನನಗೆ ಬೇಕಾದ್ದು ಕೇಳ್ಸುತ್ತೆ ಕಣೋ. ಪ್ಲೇಟು ತಿರುಗಿದ್ರೆ ಸಾಕು, ಕೇಳ್ಸದೇ ಇರೋದನ್ನ ತಲೆ ತುಂಬ್ಕೊಳ್ಳುತ್ತೆ. ಇಷ್ಟು ವರ್ಷ ಕೇಳಿದ್ದು ಎಲ್ಲಿ ಹೋಗುತ್ತೆ? ನಿನ್ನ ಮಿಷನ್ನು ಅದನ್ನೇ ಹಾಳು ಮಾಡುತ್ತೆ."

ಮಗ ಅರ್ಧ ತಟ್ಟೆಯಲ್ಲೇ ಕೈ ತೊಳೆದ. ಅಜ್ಜಿ ಅವನ ತಟ್ಟೆಯ ಅನ್ನವನ್ನು ತನ್ನ ತಟ್ಟೆಗೆ ಹಾಕಿಕೊಂಡು ಉಂಡಳು.

ಅಜ್ಜಿಯ ನೆಗಡಿ ಹೋಯಿತು, ಗಂಟಲು ಬಿಡಲಿಲ್ಲ. ಒಂದು ಬೆಳಿಗ್ಗೆ "ರೀ, ಚಹಾ" ಎಂದು ಕೂಗಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ ಸೊಸೆ ಚಪ್ಪಲಿ ಬಿಡದೆ ಅವಳನ್ನು ಕರೆದುಕೊಂಡು ಮತ್ತೆ ಆಸ್ಪತ್ರೆಗೆ ಹೋದಳು.

ವೈದ್ಯೆ ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡಿದಳು.

"ಟೀಚರಾಗಿದ್ರಾ ಅಮ್ಮಾ?"

ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು.

"ಬೀದೀಲಿ ಕೂಗಿ ವ್ಯಾಪಾರ ಮಾಡ್ತಿದ್ರಾ?"

"ಇಲ್ಲ ಡಾಕ್ಟ್ರೇ," ಅಂದಳು ಸೊಸೆ. "ಮನೇಲಿ ಕಿವಿ ಕೇಳದ ಗಂಡ ಇದ್ದಾರೆ."

ವೈದ್ಯೆ ನಗಲಿಲ್ಲ. ದನಿಯ ತಂತುಗಳ ಮೇಲೆ ಗಂಟು ಕಟ್ಟಿದೆ, ವರ್ಷಗಟ್ಟಲೆ ಕೂಗಿ ಆಗಿರುವುದು ಅಂದಳು. ಕೆಲವು ವಾರ ತುಟಿ ಬಿಚ್ಚಬಾರದು, ಪಿಸುಮಾತು ಕೂಡ ಬೇಡ. ಆಮೇಲೆ ಮೆಲ್ಲಗೆ ಮಾತಾಡಬಹುದು. ಕೂಗುವುದು ಮಾತ್ರ ಇನ್ನು ಯಾವತ್ತೂ ಇಲ್ಲ. ಕೂಗಿದರೆ ಇರುವುದೂ ಉಳಿಯುವುದಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅಜ್ಜಿ ಕಿಟಕಿಯ ಪಕ್ಕ ಕೂತು, ಸೊಸೆಯ ಕೆಂಪೇರಿದ ಕಣ್ಣು ನೋಡಿ, ತನ್ನ ಭುಜ ತಟ್ಟಿ ತೋರಿಸಿದಳು. ಸೊಸೆ ಅಲ್ಲಿ ತಲೆಯಿಟ್ಟು ನಿಲ್ದಾಣ ಬರುವವರೆಗೆ ಮಲಗಿದಳು.

ಮಗ ತಾತನ ಮುಂದೆ ನಿಂತು ಎಲ್ಲವನ್ನೂ ಕೂಗಿ ಹೇಳಿದ. ತಾತ ಪೂರ್ತಿ ಕೇಳಿಸಿಕೊಂಡವನಂತೆ ತಲೆಯಾಡಿಸಿ, "ಬಿಸಿನೀರು ಕುಡೀಲಿ, ಸರಿಹೋಗುತ್ತೆ," ಅಂದ.

ಅಜ್ಜಿಯ ಬಾಯಿ ನಿಂತ ಮೇಲೆ ಮನೆಯೂ ನಿಂತ ಹಾಗಾಯಿತು. ತಾತನ ಚಹಾ ಮೇಜಿನ ಮೇಲೆ ಆರಿ ಕೆನೆ ಕಟ್ಟುತ್ತಿತ್ತು. ಗ್ಯಾಸಿನವನು ಬಾಗಿಲು ಬಡಿದು ಬಡಿದು ವಾಪಸು ಹೋದ. ಒಂದು ದಿನ ಅಜ್ಜಿ ಬಚ್ಚಲಲ್ಲಿದ್ದಾಗ ಹಾಲು ಉಕ್ಕಿ ಒಲೆ ಆರಿತು, ಪಕ್ಕದಲ್ಲೇ ಇದ್ದ ತಾತನಿಗೆ ತಿಳಿಯಲಿಲ್ಲ. ಸೊಸೆಗೆ ಹಗಲು ನಿದ್ದೆ ಇನ್ನೂ ಕಡಿಮೆಯಾಯಿತು. ಅಜ್ಜಿ ಮಾತಾಡದಿರುವುದು ಕಂಡು ತಾತನಿಗೂ ಬೇಜಾರು. "ಏನೇ, ಸಿಟ್ಟಾ? ಅವತ್ತು ಮಗನ ಜೊತೆ ಜಗಳ ಆಡಿದ್ದಕ್ಕಾ?" ಎಂದು ಕೇಳಿದ. ಅವಳು ಗಂಟಲು ಮುಟ್ಟಿ ತೋರಿಸಿದಳು. "ಇನ್ನೂ ನೆಗಡಿನಾ?" ಅಂದು ಪ್ಲೇಟು ಹಾಕಲು ಹೋದ.

ಒಂದು ಮಧ್ಯಾಹ್ನ ಸೊಸೆಗೆ ಪಿಟೀಲಿನ ಒಳಗಿಂದ ಇನ್ನೇನೋ ಸದ್ದು ಕೇಳಿ ಎಚ್ಚರವಾಯಿತು. ಧಡ್, ಧಡ್. ಎದ್ದು ಅಡುಗೆಮನೆಗೆ ಓಡಿದಳು. ಅಟ್ಟದ ಡಬ್ಬ ತೆಗೆಯಲು ಅಜ್ಜಿ ಸ್ಟೂಲು ಹತ್ತಿದ್ದಳು. ಸ್ಟೂಲು ಕಾಲಡಿಯಿಂದ ಉರುಳಿತ್ತು. ಅಟ್ಟದ ಅಂಚಿಗೆ ಎರಡು ಕೈಯಲ್ಲೂ ಜೋತುಬಿದ್ದು, ತುಟಿ ಕಚ್ಚಿಕೊಂಡು, ಕಾಲಿನಿಂದ ಗೋಡೆಯ ಕಪಾಟನ್ನು ಒದೆಯುತ್ತಿದ್ದಳು. ಹಾಲ್‌ನಲ್ಲಿ ತಾತ ಬೆನ್ನು ಹಾಕಿ ಕೂತಿದ್ದ.

ಸೊಸೆ ಅವಳನ್ನು ಸೊಂಟ ಹಿಡಿದು ಇಳಿಸಿದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅದನ್ನು ತೊಳೆದು ಬಟ್ಟೆ ಒತ್ತಿದಳು. ಆಮೇಲೆ ಹಾಲ್‌ಗೆ ಬಂದು, ತಾತನ ಪ್ಲೇಯರನ್ನು ಆ ಮನೆಗೆ ಬಂದ ಮೇಲೆ ಮೊದಲ ಸಲ ಮುಟ್ಟಿ, ಸೂಜಿ ಎತ್ತಿದಳು.

"ಯಾರು ಮುಟ್ಟು ಅಂದಿದ್ದು ಅದನ್ನ?" ತಾತ ಗುಡುಗಿದ.

ಸೊಸೆ ಬೀರುವಿನ ಮೇಲಿನ ಪೆಟ್ಟಿಗೆ ತಂದು ಅವನ ಅಂಗೈಯಲ್ಲಿಟ್ಟಳು. ತನ್ನ ಕಿವಿ ಮುಟ್ಟಿ ತೋರಿಸಿದಳು. ತಾತ ಅವಳ ಮುಖ ನೋಡಿದ, ಬಾಗಿಲಲ್ಲಿ ಮೊಣಕೈ ಹಿಡಿದು ನಿಂತ ಹೆಂಡತಿಯನ್ನು ನೋಡಿದ. ಮಿಷನ್ನು ಹಾಕಿಕೊಂಡ.

"ನಾನು ಕೂಗಲ್ಲ ಮಾವ," ಅಂದಳು ಸೊಸೆ ಮೆಲ್ಲಗೆ. "ಈ ಮನೇಲಿ ಕೂಗಿದವರಿಗೆ ಏನಾಯ್ತು ಅಂತ ನೋಡಿದ್ದೀನಿ. ಅತ್ತೆಗೆ ನೆಗಡಿಯಲ್ಲ. ನಿಮ್ಮನ್ನ ಕೂಗಿ ಕೂಗಿ ಗಂಟಲು ಹೋಗಿದೆ. ಇನ್ನು ಕೂಗಿದ್ರೆ ಇರೋದೂ ಹೋಗುತ್ತೆ. ಈಗ ಬಿದ್ದು ಸೊಂಟ ಮುರ್ಕೋತಿದ್ರು, ನಿಮ್ಮ ಬೆನ್ನ ಹಿಂದೇನೇ."

"ನನಗೆ ಯಾರೂ ಹೇಳ್ಲೇ ಇಲ್ವಲ್ಲ."

"ಎಲ್ರೂ ಹೇಳಿದ್ವಿ."

ತಾತ ಪ್ಲೇಯರಿನ ಕಡೆ ನೋಡಿದ.

"ನಿಮ್ಮ ಪ್ಲೇಟಿನ ಮೇಲೆ ನನಗೇನೂ ಹಗೆ ಇಲ್ಲ. ನನಗೆ ನಿದ್ದೆ ಬೇಕು, ಅಷ್ಟೆ. ಎಷ್ಟು ದಿನ ಆಯ್ತೋ ಸರಿಯಾಗಿ ಮಲಗಿ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಸಂಜೆಯವರೆಗೂ ಮನೆಯಲ್ಲಿ ಸದ್ದಾಗಲಿಲ್ಲ.

ಮರುದಿನದಿಂದ ತಾತ ಬೆಳಗ್ಗೆ ಎದ್ದ ಕೂಡಲೇ ಮಿಷನ್ನು ಹಾಕಿಕೊಳ್ಳತೊಡಗಿದ. ಬಾಗಿಲು ತಟ್ಟಿದರೆ ಅವನೇ ತೆಗೆದ. ಹಾಲಿನ ಪಾತ್ರೆಯ ಮುಂದೆ ಕಾವಲು ನಿಂತ. ಅಜ್ಜಿ ಬೆರಳು ತೋರಿಸಿದ ಡಬ್ಬಗಳನ್ನೆಲ್ಲ ಅಟ್ಟದಿಂದ ಇಳಿಸಿದ; ಬೇಕಾದ ಡಬ್ಬ ಯಾವಾಗಲೂ ಕೊನೆಗೇ ಸಿಗುತ್ತಿತ್ತು. ಪ್ಲೇಯರಿನ ಮೇಲೆ ಬಟ್ಟೆ ಹೊದಿಸಿದ್ದ. ಸೊಸೆ ಕಿಟಕಿಗೆ ಹೊದಿಕೆ ಕಟ್ಟಿ ಮಲಗಿದರೆ ಎಚ್ಚರವಾಗುವುದು ಸಂಜೆಗೇ.

ಗುಬ್ಬಿಗೆ ತಾತ ಹೀಗೆ ಪ್ಲೇಟು ಬಿಟ್ಟು ಕೂತದ್ದು ಹಿಡಿಸಲಿಲ್ಲ. ಒಂದು ಸಂಜೆ ಬೇಕೆಂದೇ ಕೆಣಕಿದಳು. "ಇವತ್ತು ಸ್ಟುಡಿಯೋದಲ್ಲಿ ಒಬ್ಬರು ಬಂದಿದ್ರು ತಾತ. ಪ್ಲೇಟೆಲ್ಲ ಮೋಸ, ಡಬ್ಬಿಯೇ ಮೇಲು ಅಂದ್ರು."

"ಇರಬಹುದು."

"ಇರಬಹುದಾ? ಸೊಪ್ಪು ಕೊಚ್ಚಿದ್ದು, ಅಂಕಿಗೆ ಜೀವ ಇಲ್ಲ, ಏನೂ ಹೇಳಲ್ವಾ?"

"ನೀನೇ ಗೆದ್ದೆ ಅಂತ ಇಟ್ಕೋ, ಮಗಾ. ನನಗೆ ಸಾಕಾಗಿದೆ."

ಗುಬ್ಬಿ ಅವನ ಪಕ್ಕ ಕೂತಳು. ಗೆದ್ದದ್ದಕ್ಕೆ ಇಷ್ಟು ಬೇಸರ ಅವಳಿಗೆ ಹಿಂದೆ ಆಗಿರಲಿಲ್ಲ.

ವಾರಗಳು ಕಳೆದು ವೈದ್ಯೆ ಮತ್ತೊಮ್ಮೆ ಗಂಟಲು ನೋಡಿ, ಇನ್ನು ಮೆಲ್ಲಗೆ ಮಾತಾಡಬಹುದು ಅಂದಳು. ಆ ಸಂಜೆ ಎಲ್ಲರೂ ಬೇಗ ಊಟಕ್ಕೆ ಕೂತರು. ಸೊಸೆ ಪಾಳಿಗೆ ಹೊರಡಬೇಕಿತ್ತು. ಅಜ್ಜಿ ಏನು ಮಾತಾಡುತ್ತಾಳೋ ಎಂದು ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅಜ್ಜಿಗೆ ನಾಚಿಕೆಯಾಯಿತು. ಸೌಟು ಹಿಡಿದು ತಾತನ ಕಡೆ ಬಾಗಿದಳು.

"ಅನ್ನ ಹಾಕ್ಲಾ?"

ತಾತ ಹುಬ್ಬು ಗಂಟಿಕ್ಕಿದ. ಮಿಷನ್ನನ್ನು ಕಿವಿಯಿಂದ ಕಿತ್ತು ಗುಬ್ಬಿಯ ಕಡೆ ಚಾಚಿದ.

"ಇದನ್ನೊಂದು ಸಲ ನೋಡೇ. ಸೆಟ್ಟಿಂಗ್ ಹೋಗಿದೆ. ಪ್ಲೇಟು ಕೆಡಿಸಿದ್ದು ಸಾಲ್ದು ಅಂತ ಇವಳ ದನೀನೂ ಕೆಡಿಸಿ ಕೊಡ್ತಿದೆ. ಇವಳ ದನಿ ಹೀಗಿಲ್ಲ. ಗುಂಡಗೆ, ತುಂಬಿದ ಕೊಡದ ಹಾಗಿರುತ್ತೆ. ಇದು ಯಾರೋ ಮುದುಕಿ ದನಿ."

ಗುಬ್ಬಿ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನೋಡಲು ಏನೂ ಇರಲಿಲ್ಲ. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಜ್ಜಿ ಮೊಮ್ಮಗಳ ಕೈಯಿಂದ ಮಿಷನ್ನು ಇಸಿದುಕೊಂಡು ತಾತನಿಗೆ ಕೊಟ್ಟಳು. ಅವನು ಎರಡೂ ಕಿವಿಗೆ ಸರಿಯಾಗಿ ಹಾಕಿಕೊಳ್ಳುವವರೆಗೆ ಕಾದಳು.

"ಮಿಷನ್ ಸರಿಯಾಗಿದೆ ರೀ," ಅಂದಳು. "ನನ್ನ ದನಿ ಈಗ ಇರೋದೇ ಹೀಗೆ."

"ಯಾವಾಗಿಂದ?"

"ಬಹಳ ವರ್ಷ ಆಯ್ತು."

ತಾತ ಅವಳನ್ನು ನೋಡುತ್ತ ಕೂತ. ಹುಬ್ಬಿನ ಗಂಟು ಮೆಲ್ಲಗೆ ಸಡಿಲಾಯಿತು. ಮಿಷನ್ನನ್ನು ಮತ್ತೆ ತೆಗೆಯುತ್ತಾನೇನೋ ಎಂದು ಗುಬ್ಬಿ ಹೆದರಿದಳು. ತೆಗೆಯಲಿಲ್ಲ.

"ಇನ್ನೊಂದ್ಸಲ ಹೇಳು," ಅಂದ.

"ಏನನ್ನ?"

"ಏನಾದ್ರೂ."

ಅಜ್ಜಿ ಪಲ್ಯದ ಪಾತ್ರೆ ನೋಡಿದಳು. "ಆಲೂಗಡ್ಡೆಗೆ ಉಪ್ಪು ಕಮ್ಮಿಯಾಗಿದೆ," ಅಂದಳು. ತಾತ ತಟ್ಟೆ ಮುಂದೆ ಹಿಡಿದ. ಅವಳು ಬಡಿಸುತ್ತ, ಕೆಳಗಿನ ಮನೆಯವರು ಖಾಲಿ ಮಾಡುತ್ತಿರುವುದು, ಗ್ಯಾಸಿನವನು ಮುನಿಸಿಕೊಂಡಿರುವುದು, ಬಾಯಿ ಕಟ್ಟಿದ್ದ ಇಷ್ಟು ವಾರಗಳ ಸುದ್ದಿಯನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ತಾತ ಕೈ ಒಣಗಿದರೂ ಎದ್ದು ತೊಳೆಯದೆ, ಒಂದೊಂದಕ್ಕೂ ಹೂಂ ಅಂದ. ಎರಡು ಕಡೆ ಹೂಂ ಬದಲು "ಯಾಕಂತೆ?" ಅಂದ.

ಸೊಸೆ ಚೀಲ ಹೆಗಲಿಗೇರಿಸಿ ಹೊರಟಳು. ಅವರಿಬ್ಬರೂ ಅವಳನ್ನು ಗಮನಿಸಲಿಲ್ಲ. ಮೆಟ್ಟಿಲಿಳಿದು ಬೀದಿಯಲ್ಲಿ ನಿಂತು ಒಮ್ಮೆ ಮೇಲೆ ನೋಡಿದಳು. ಹಾಲ್‌ನ ಕಿಟಕಿ ತೆರೆದಿತ್ತು, ದೀಪ ಉರಿಯುತ್ತಿತ್ತು, ಒಳಗೆ ಮಾತು ಇನ್ನೂ ನಡೆದೇ ಇರಬೇಕು. ಮದುವೆಯಾಗಿ ಬಂದಾಗಿಂದ ಆ ಇಬ್ಬರ ಒಂದೊಂದು ಮಾತೂ ಈ ಬೀದಿಗೆ ಕೇಳಿಸುತ್ತಿತ್ತು. ಈಗ ಏನೂ ಕೇಳಿಸಲಿಲ್ಲ. ಬಸ್ಸು ತಪ್ಪಿ ಹೋದೀತೆಂದು ಅವಳು ಬೇಗ ಬೇಗ ನಡೆದಳು.